ಮುಂದುವರಿದ ಅಂಡಾಶಯದ ಕ್ಯಾನ್ಸರ್: ಕರುಳನ್ನೂ ಒಳಗೊಂಡ ವಿಸ್ತೃತ ಶಸ್ತ್ರಚಿಕಿತ್ಸೆಯ ಕುರಿತು ಸಾರ್ವಜನಿಕ ಮಾಹಿತಿ

ಅಂಡಾಶಯದ ಕ್ಯಾನ್ಸರ್ ಹೊಟ್ಟೆಯೊಳಗೆಲ್ಲ ಹರಡಿ ಕರುಳನ್ನೂ ಆವರಿಸಿದಾಗ, ಅಂಡಾಶಯ ಮತ್ತು ಗರ್ಭಕೋಶಗಳ ಜೊತೆಗೆ ಕರುಳಿನ ರೋಗಗ್ರಸ್ತ ಭಾಗವನ್ನೂ ಅಗತ್ಯವಿದ್ದಲ್ಲಿ ಇತರ ಅಂಗಗಳನ್ನೂ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಸೂಚಿಸಬಹುದು. ಈ ಶಸ್ತ್ರಚಿಕಿತ್ಸೆಯ ಉದ್ದೇಶ, ವಿಧಾನ, ಅಪಾಯಗಳು, ರೋಗಿಯ ಹಕ್ಕುಗಳು ಹಾಗೂ ಕರ್ನಾಟಕದಲ್ಲಿ ಚಿಕಿತ್ಸಾ ವೆಚ್ಚಕ್ಕೆ ದೊರೆಯುವ ನೆರವಿನ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನೀಡುವ ಮುನ್ನ ರೋಗಿಯೂ ಕುಟುಂಬದವರೂ ಈ ವಿಷಯಗಳನ್ನು ತಿಳಿದಿರುವುದು ಅವಶ್ಯಕ.

1. ರೋಗದ ಪರಿಚಯ

ಸ್ತ್ರೀಯರ ಕೆಳಹೊಟ್ಟೆಯಲ್ಲಿ ಗರ್ಭಕೋಶದ ಎರಡೂ ಬದಿಗಳಲ್ಲಿ ಒಂದೊಂದು ಅಂಡಾಶಯವಿರುತ್ತದೆ. ಅಂಡಾಶಯದ ಹೊರಪದರದಲ್ಲಿ ಅಥವಾ ಅದಕ್ಕೆ ಹೊಂದಿಕೊಂಡಿರುವ ಅಂಡನಾಳದ ತುದಿಯಲ್ಲಿ ಹುಟ್ಟುವ ಕ್ಯಾನ್ಸರ್ ಹೆಚ್ಚು ಸಾಮಾನ್ಯವಾದದ್ದು. ಇದು ಬಹುಮಟ್ಟಿಗೆ ಮುಟ್ಟು ನಿಂತ ನಂತರದ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆಯಾದರೂ ಕಿರಿಯ ವಯಸ್ಸಿನವರಲ್ಲಿಯೂ ಬರಬಹುದು.

ಇತರ ಹಲವು ಕ್ಯಾನ್ಸರ್‌ಗಳು ರಕ್ತದ ಮೂಲಕ ದೂರದ ಅಂಗಗಳಿಗೆ ಹರಡಿದರೆ, ಅಂಡಾಶಯದ ಕ್ಯಾನ್ಸರ್ ಮುಖ್ಯವಾಗಿ ಹೊಟ್ಟೆಯೊಳಗೇ ಹರಡುತ್ತದೆ. ಅಂಡಾಶಯದಿಂದ ಉದುರಿದ ಕ್ಯಾನ್ಸರ್ ಕೋಶಗಳು ಹೊಟ್ಟೆಯೊಳಗಿನ ದ್ರವದಲ್ಲಿ ತೇಲಿ, ಉದರದ ಒಳಪೊರೆ, ಕರುಳಿನ ಮೇಲ್ಮೈ, ಕರುಳಿನ ಮುಂದೆ ಪರದೆಯಂತೆ ಇಳಿಬಿದ್ದಿರುವ ಕೊಬ್ಬಿನ ಪೊರೆ ಹಾಗೂ ವಪೆಯ ಕೆಳಭಾಗದಲ್ಲಿ ಅಂಟಿಕೊಂಡು ಬೆಳೆಯುತ್ತವೆ. ಕೊಬ್ಬಿನ ಪೊರೆಯನ್ನು ವೈದ್ಯರು ಓಮೆಂಟಮ್ ಎಂದು ಕರೆಯುತ್ತಾರೆ.

2. ಕರುಳಿಗೆ ರೋಗ ತಗಲುವ ಬಗೆ

ದೊಡ್ಡ ಕರುಳಿನ ಕೊನೆಯ ಭಾಗವೂ ಗುದನಾಳವೂ ಗರ್ಭಕೋಶದ ಹಿಂಬದಿಯಲ್ಲಿಯೇ ಇವೆ. ಗರ್ಭಕೋಶಕ್ಕೂ ಗುದನಾಳಕ್ಕೂ ನಡುವೆ ಇರುವ ತಗ್ಗು ಹೊಟ್ಟೆಯ ಅತ್ಯಂತ ಕೆಳಗಿನ ಜಾಗವಾದ್ದರಿಂದ ಕ್ಯಾನ್ಸರ್ ಕೋಶಗಳು ಅಲ್ಲಿಗೆ ಬಂದು ನೆಲೆಗೊಳ್ಳುತ್ತವೆ. ಕಾಲಕ್ರಮೇಣ ಆ ತಗ್ಗು ಮುಚ್ಚಿಹೋಗಿ, ಅಂಡಾಶಯ, ಗರ್ಭಕೋಶ ಮತ್ತು ಕರುಳು ಒಂದೇ ಗಡ್ಡೆಯಾಗಿ ಬೆಸೆದುಕೊಳ್ಳಬಹುದು. ಆದುದರಿಂದಲೇ ಕರುಳಿನ ಈ ಭಾಗವನ್ನು ತೆಗೆಯಬೇಕಾದ ಸಂದರ್ಭ ಹೆಚ್ಚಾಗಿ ಒದಗುತ್ತದೆ.

ಇದು ಕರುಳಿನಲ್ಲಿಯೇ ಹುಟ್ಟುವ ಕ್ಯಾನ್ಸರ್ ಅಲ್ಲ. ಕರುಳಿನ ಕ್ಯಾನ್ಸರ್ ಒಳಪದರದಲ್ಲಿ ಹುಟ್ಟಿ ಹೊರಕ್ಕೆ ಬೆಳೆಯುತ್ತದೆ; ಅಂಡಾಶಯದ ಕ್ಯಾನ್ಸರ್ ಕರುಳನ್ನು ಹೊರಗಿನಿಂದ ಆಕ್ರಮಿಸಿ ಒಳಕ್ಕೆ ಇಳಿಯುತ್ತದೆ. ಈ ಕಾರಣದಿಂದ ಮಲದ್ವಾರದ ಮೂಲಕ ನಡೆಸುವ ಕೊಲೊನೋಸ್ಕೋಪಿ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಕರುಳಿನ ಹೊರಮೈಗೆ ರೋಗ ತಗಲಿರುವ ಸಾಧ್ಯತೆ ಇರುತ್ತದೆ.

3. ಲಕ್ಷಣಗಳು

ಆರಂಭದಲ್ಲಿ ಈ ರೋಗಕ್ಕೆ ಸ್ಪಷ್ಟ ಲಕ್ಷಣಗಳಿರುವುದಿಲ್ಲ. ಕೆಳಕಂಡ ತೊಂದರೆಗಳನ್ನು ‘ಗ್ಯಾಸ್ಟ್ರಿಕ್’ ಎಂದೋ ವಯಸ್ಸಿನ ತೊಂದರೆ ಎಂದೋ ಭಾವಿಸಿ ತಿಂಗಳುಗಟ್ಟಲೆ ಮಾತ್ರೆ ನುಂಗುವುದರಿಂದ ರೋಗನಿರ್ಣಯ ತಡವಾಗುತ್ತದೆ:

• ಹೊಟ್ಟೆ ಉಬ್ಬರ, ಸೊಂಟದ ಸುತ್ತಳತೆ ಹೆಚ್ಚುವುದು
• ಸ್ವಲ್ಪ ತಿಂದೊಡನೆ ಹೊಟ್ಟೆ ತುಂಬಿದಂತಾಗುವುದು, ಹಸಿವಿಲ್ಲದಿರುವುದು
• ಕೆಳಹೊಟ್ಟೆಯಲ್ಲಿ ಅಥವಾ ಸೊಂಟದಲ್ಲಿ ನೋವು
• ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು
• ಹೊಸದಾಗಿ ಕಾಣಿಸಿಕೊಂಡ ಮಲಬದ್ಧತೆ, ಮಲದ ಗಾತ್ರ ತೆಳುವಾಗುವುದು
• ಕಾರಣವಿಲ್ಲದೆ ತೂಕ ಕಡಿಮೆಯಾಗುವುದು

ಐವತ್ತು ವರ್ಷ ದಾಟಿದ ಮಹಿಳೆಗೆ ಇವುಗಳಲ್ಲಿ ಯಾವುದಾದರೂ ತೊಂದರೆ ಹೊಸದಾಗಿ ಆರಂಭವಾಗಿ, ಎರಡು ಮೂರು ವಾರ ಬಿಡದೆ ಮುಂದುವರಿದಲ್ಲಿ ಹೊಟ್ಟೆಯ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸುವುದು ಸೂಕ್ತ. ವಾಂತಿ, ಹೊಟ್ಟೆ ಬಿಗಿತ ಮತ್ತು ಮಲ, ವಾಯು ಎರಡೂ ಹೊರಹೋಗದಿರುವುದು ಕರುಳು ಕಟ್ಟಿಕೊಂಡಿರುವುದರ ಸೂಚನೆ. ಅಂತಹ ಸಂದರ್ಭದಲ್ಲಿ ತಡಮಾಡದೆ ಆಸ್ಪತ್ರೆಗೆ ದಾಖಲಾಗತಕ್ಕದ್ದು.

4. ರೋಗದ ಹಂತಗಳು

ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ಶಾಸ್ತ್ರ ಒಕ್ಕೂಟವು 2014 ರಲ್ಲಿ ಪರಿಷ್ಕರಿಸಿದ ವರ್ಗೀಕರಣದಂತೆ ರೋಗವನ್ನು ನಾಲ್ಕು ಹಂತಗಳಾಗಿ ವಿಂಗಡಿಸಲಾಗಿದೆ. ಒಂದನೇ ಹಂತದಲ್ಲಿ ರೋಗ ಅಂಡಾಶಯ ಅಥವಾ ಅಂಡನಾಳಕ್ಕೆ ಸೀಮಿತವಾಗಿರುತ್ತದೆ. ಎರಡನೇ ಹಂತದಲ್ಲಿ ಕೆಳಹೊಟ್ಟೆಯ ಇತರ ಭಾಗಗಳಿಗೆ ಹರಡಿರುತ್ತದೆ. ಮೂರನೇ ಹಂತದಲ್ಲಿ ಮೇಲ್ಹೊಟ್ಟೆಯ ಒಳಪೊರೆಗೆ ಅಥವಾ ಹೊಟ್ಟೆಯ ಹಿಂಭಾಗದ ದುಗ್ಧಗ್ರಂಥಿಗಳಿಗೆ ಹರಡಿರುತ್ತದೆ. ಶ್ವಾಸಕೋಶದ ಸುತ್ತಲಿನ ನೀರಿನಲ್ಲಿ ಕ್ಯಾನ್ಸರ್ ಕೋಶ ಕಂಡುಬಂದರೆ, ಯಕೃತ್ತಿನ ಒಳಭಾಗಕ್ಕೆ ಅಥವಾ ಹೊಟ್ಟೆಯ ಹೊರಗಿನ ಅಂಗಗಳಿಗೆ ಹರಡಿದ್ದರೆ ಅದು ನಾಲ್ಕನೇ ಹಂತ. ಕ್ಯಾನ್ಸರ್ ಕರುಳಿನ ಗೋಡೆಯನ್ನು ಪೂರ್ಣವಾಗಿ ಭೇದಿಸಿ ಒಳಪದರವನ್ನು ತಲುಪಿದ್ದರೆ ಅದನ್ನೂ ನಾಲ್ಕನೇ ಹಂತಕ್ಕೆ ಸೇರಿಸಲಾಗಿದೆ. ಮೂರು ಮತ್ತು ನಾಲ್ಕನೇ ಹಂತಗಳನ್ನು ‘ಮುಂದುವರಿದ ಹಂತ’ ಎನ್ನಲಾಗುತ್ತದೆ. ಬಹುಪಾಲು ರೋಗಿಗಳಲ್ಲಿ ರೋಗ ಪತ್ತೆಯಾಗುವುದು ಈ ಹಂತದಲ್ಲಿಯೇ.

5. ಶಸ್ತ್ರಚಿಕಿತ್ಸೆಗೆ ಮುನ್ನ ಅಗತ್ಯವಾದ ಪರೀಕ್ಷೆಗಳು

(ಅ) ರಕ್ತ ಪರೀಕ್ಷೆ: ಸಿ.ಎ.-125 ಎಂಬ ಅಂಶದ ಪ್ರಮಾಣ ಸಾಮಾನ್ಯವಾಗಿ 35 ಯೂನಿಟ್‌ಗಿಂತ ಕಡಿಮೆ ಇರುತ್ತದೆ. ಇದು ಹೆಚ್ಚಿದ ಮಾತ್ರಕ್ಕೆ ಕ್ಯಾನ್ಸರ್ ಎಂದು ನಿರ್ಧರಿಸಲಾಗದು. ಕರುಳಿನ ಅಥವಾ ಜಠರದ ಕ್ಯಾನ್ಸರ್ ಅಂಡಾಶಯಕ್ಕೆ ಹರಡಿರುವ ಸಂದೇಹವಿದ್ದಲ್ಲಿ ಸಿ.ಇ.ಎ. ಎಂಬ ಪರೀಕ್ಷೆಯನ್ನೂ ಎಂಡೋಸ್ಕೋಪಿಯನ್ನೂ ಮಾಡಿಸಲಾಗುತ್ತದೆ.

(ಆ) ಸಿ.ಟಿ. ಸ್ಕ್ಯಾನ್: ಎದೆ, ಹೊಟ್ಟೆ ಮತ್ತು ಕೆಳಹೊಟ್ಟೆಯ ಸ್ಕ್ಯಾನ್‌ನಿಂದ ರೋಗದ ವ್ಯಾಪ್ತಿ ತಿಳಿಯುತ್ತದೆ. ಕರುಳಿನ ಮೇಲ್ಮೈಯಲ್ಲಿರುವ ಸಾಸಿವೆ ಕಾಳಿನಷ್ಟು ಸಣ್ಣ ಗಂಟುಗಳು ಸ್ಕ್ಯಾನ್‌ನಲ್ಲಿ ಕಾಣದೆ ಹೋಗಬಹುದು.

(ಇ) ಬಯಾಪ್ಸಿ: ಕೀಮೋಥೆರಪಿಯನ್ನು ಮೊದಲು ಆರಂಭಿಸುವುದಾದರೆ ಗಂಟಿನ ಚೂರನ್ನು ತೆಗೆದು ಪರೀಕ್ಷಿಸಿ ರೋಗವನ್ನು ಖಚಿತಪಡಿಸಿಕೊಳ್ಳಬೇಕು. ಹೊಟ್ಟೆಯ ಕ್ಷಯರೋಗದಲ್ಲಿಯೂ ಹೊಟ್ಟೆಯಲ್ಲಿ ನೀರು ತುಂಬಿ, ಒಳಪೊರೆಯಲ್ಲಿ ಗಂಟುಗಳಾಗಿ, ಸಿ.ಎ.-125 ಹೆಚ್ಚುತ್ತದೆ. ಕ್ಷಯ ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ ಈ ವ್ಯತ್ಯಾಸವನ್ನು ತಿಳಿಯುವುದು ಅತ್ಯಗತ್ಯ. ಕ್ಷಯರೋಗವು ಔಷಧಿಯಿಂದಲೇ ಗುಣವಾಗುತ್ತದೆ.

(ಈ) ಲ್ಯಾಪರೋಸ್ಕೋಪಿ: ಹೊಕ್ಕುಳ ಬಳಿಯ ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ಇಳಿಸಿ, ರೋಗವನ್ನು ಪೂರ್ಣವಾಗಿ ತೆಗೆಯಲು ಸಾಧ್ಯವೇ ಎಂಬುದನ್ನು ಕೆಲವರಲ್ಲಿ ಮೊದಲೇ ಪರಿಶೀಲಿಸಲಾಗುತ್ತದೆ.

6. ಶಸ್ತ್ರಚಿಕಿತ್ಸೆಯ ಗುರಿ

ಕಣ್ಣಿಗೆ ಕಾಣುವ ಕ್ಯಾನ್ಸರ್ ಗಂಟುಗಳೆಲ್ಲವನ್ನೂ ತೆಗೆದು, ಏನೂ ಉಳಿಯದಂತೆ ನೋಡಿಕೊಳ್ಳುವುದೇ ಈ ಶಸ್ತ್ರಚಿಕಿತ್ಸೆಯ ಏಕೈಕ ಗುರಿ. ಶಸ್ತ್ರಚಿಕಿತ್ಸೆಯ ನಂತರ ಉಳಿಯುವ ಗಡ್ಡೆ ಚಿಕ್ಕದಾದಷ್ಟೂ ರೋಗಿಯ ಆಯುಷ್ಯ ಹೆಚ್ಚುತ್ತದೆಂಬ ಸಂಬಂಧವನ್ನು ಅಮೆರಿಕದ ವೈದ್ಯ ಸಿ. ಥಾಮಸ್ ಗ್ರಿಫಿತ್ಸ್ ಅವರು 1975 ರಲ್ಲಿ ಅಂಕಿಅಂಶಗಳೊಡನೆ ಪ್ರಕಟಿಸಿದರು. ಆ ಕಾಲದಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಗಾತ್ರದ ಗಡ್ಡೆ ಉಳಿದರೆ ಶಸ್ತ್ರಚಿಕಿತ್ಸೆ ತೃಪ್ತಿಕರವೆಂದು ಎಣಿಸಲಾಗುತ್ತಿತ್ತು. ಇಂದಿನ ಅಳತೆಗೋಲು ಶೂನ್ಯ; ಅಂದರೆ ಕಾಣುವಂತಹ ಗಡ್ಡೆ ಯಾವುದೂ ಉಳಿಯಬಾರದು.

ಕರುಳಿನ ಭಾಗವನ್ನು ತೆಗೆಯುವ ಪ್ರಶ್ನೆ ಬರುವುದು ಇಲ್ಲಿಯೇ. ಬೇರೆಡೆಯ ಗಂಟುಗಳನ್ನೆಲ್ಲ ತೆಗೆದು ಕರುಳಿನ ಮೇಲಿನ ಗಡ್ಡೆಯನ್ನು ಬಿಟ್ಟರೆ ಗುರಿ ಈಡೇರುವುದಿಲ್ಲ. ಅಂತೆಯೇ, ಇತರ ಭಾಗಗಳಲ್ಲಿ ತೆಗೆಯಲಾಗದ ರೋಗವಿದೆಯೆಂದು ತಿಳಿದ ಮೇಲೆ, ಕಟ್ಟಿಕೊಂಡ ಕರುಳನ್ನು ಬಿಡಿಸುವಂತಹ ಕಾರಣವಿಲ್ಲದಿದ್ದರೆ, ಕರುಳನ್ನು ಕತ್ತರಿಸುವುದರಿಂದ ರೋಗಿಗೆ ಪ್ರಯೋಜನವಿಲ್ಲ; ಅಪಾಯ ಮಾತ್ರ ಹೆಚ್ಚುತ್ತದೆ.

7. ಮೊದಲು ಶಸ್ತ್ರಚಿಕಿತ್ಸೆಯೇ, ಕೀಮೋಥೆರಪಿಯೇ?

ಎರಡು ಕ್ರಮಗಳು ರೂಢಿಯಲ್ಲಿವೆ. ಮೊದಲನೆಯದು, ಆರಂಭದಲ್ಲಿಯೇ ಶಸ್ತ್ರಚಿಕಿತ್ಸೆ ಮಾಡಿ ನಂತರ ಕೀಮೋಥೆರಪಿ ನೀಡುವುದು. ಎರಡನೆಯದು, ಸಾಮಾನ್ಯವಾಗಿ ಮೂರು ಸರದಿ ಕೀಮೋಥೆರಪಿ ನೀಡಿ ಗಡ್ಡೆಗಳನ್ನು ಕುಗ್ಗಿಸಿ, ಶಸ್ತ್ರಚಿಕಿತ್ಸೆ ಮಾಡಿ, ಉಳಿದ ಸರದಿಗಳನ್ನು ಪೂರೈಸುವುದು.

ಯೂರೋಪಿನ ಸಂಸ್ಥೆಯೊಂದು ನಡೆಸಿ 2010 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ಬ್ರಿಟನ್ನಿನಲ್ಲಿ ನಡೆದು 2015 ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಎರಡೂ ಕ್ರಮಗಳಲ್ಲಿ ರೋಗಿಗಳ ಆಯುಷ್ಯ ಬಹುತೇಕ ಸಮನಾಗಿತ್ತು. ಆದರೆ ಕೀಮೋಥೆರಪಿ ಮೊದಲು ಪಡೆದವರಲ್ಲಿ ಶಸ್ತ್ರಚಿಕಿತ್ಸೆಯ ನಂತರದ ಸಾವುಗಳು ಕಡಿಮೆ ಇದ್ದವು. ಅನುಭವಿ ಕೇಂದ್ರಗಳಲ್ಲಿ ಮಾತ್ರ ನಡೆದ ಮತ್ತೊಂದು ಅಧ್ಯಯನದ ಫಲಿತಾಂಶಗಳನ್ನು 2025 ರಲ್ಲಿ ಮಂಡಿಸಲಾಯಿತು. ಅದರಲ್ಲಿ ಮೊದಲು ಶಸ್ತ್ರಚಿಕಿತ್ಸೆ ಪಡೆದವರಲ್ಲಿ ರೋಗ ಮರುಕಳಿಸುವುದು ಸ್ವಲ್ಪ ತಡವಾಯಿತಾದರೂ, ಒಟ್ಟು ಆಯುಷ್ಯದಲ್ಲಿ ಖಚಿತವೆನ್ನಬಹುದಾದ ವ್ಯತ್ಯಾಸ ಕಂಡುಬರಲಿಲ್ಲ.

ಆದುದರಿಂದ ಎಲ್ಲರಿಗೂ ಅನ್ವಯಿಸುವ ಒಂದೇ ಉತ್ತರವಿಲ್ಲ. ದೇಹಶಕ್ತಿ ಚೆನ್ನಾಗಿದ್ದು, ಪೂರ್ಣವಾಗಿ ತೆಗೆಯಬಹುದಾದ ರೋಗವಿದ್ದರೆ ಮೊದಲೇ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. ಹೊಟ್ಟೆಯಲ್ಲಿ ಹೆಚ್ಚು ನೀರು, ಅಪೌಷ್ಟಿಕತೆ, ಶ್ವಾಸಕೋಶದ ಸುತ್ತ ನೀರು ಅಥವಾ ಅತಿಯಾದ ಹರಡುವಿಕೆ ಇದ್ದರೆ ಕೀಮೋಥೆರಪಿಯನ್ನು ಮೊದಲು ನೀಡಲಾಗುತ್ತದೆ. ಕೀಮೋಥೆರಪಿ ಮೊದಲು ನೀಡಿದ ಮಾತ್ರಕ್ಕೆ ವೈದ್ಯರು ಕೈಬಿಟ್ಟಿದ್ದಾರೆಂದು ಭಾವಿಸಬಾರದು. ಗಡ್ಡೆಗಳು ಕುಗ್ಗಿದಾಗ ಕರುಳನ್ನು ಉಳಿಸಿಕೊಳ್ಳುವ ಸಾಧ್ಯತೆಯೂ ಕೆಲವರಲ್ಲಿ ಒದಗುತ್ತದೆ.

8. ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬಹುದಾದ ಅಂಗಗಳು

ಹೊಟ್ಟೆಯ ನಡುವೆ ಉದ್ದನೆಯ ಗಾಯ ಮಾಡಿ, ಮೊದಲು ಹೊಟ್ಟೆಯ ಎಲ್ಲ ಭಾಗಗಳನ್ನೂ ಪರಿಶೀಲಿಸಲಾಗುತ್ತದೆ. ಎರಡೂ ಅಂಡಾಶಯಗಳು, ಅಂಡನಾಳಗಳು, ಗರ್ಭಕೋಶ ಹಾಗೂ ಓಮೆಂಟಮ್ ಅನ್ನು ಬಹುತೇಕ ಎಲ್ಲರಲ್ಲಿಯೂ ತೆಗೆಯಲಾಗುತ್ತದೆ. ರೋಗದ ವ್ಯಾಪ್ತಿಗನುಸಾರವಾಗಿ ಉದರದ ಒಳಪೊರೆ, ವಪೆಯ ಮೇಲಿನ ಪೊರೆ, ಅಪೆಂಡಿಕ್ಸ್, ಗುಲ್ಮ, ಪಿತ್ತಕೋಶ ಹಾಗೂ ಕರುಳಿನ ಭಾಗಗಳನ್ನು ತೆಗೆಯಬೇಕಾಗಬಹುದು. ಶಸ್ತ್ರಚಿಕಿತ್ಸೆಗೆ ನಾಲ್ಕರಿಂದ ಎಂಟು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.

ಊದಿಕೊಳ್ಳದೆ ಸಹಜವಾಗಿ ಕಾಣುವ ದುಗ್ಧಗ್ರಂಥಿಗಳನ್ನೂ ಸಾಲಾಗಿ ತೆಗೆಯುವ ಪದ್ಧತಿ ಹಿಂದೆ ಇತ್ತು. ಅದರಿಂದ ಆಯುಷ್ಯ ಹೆಚ್ಚುವುದಿಲ್ಲ, ತೊಂದರೆಗಳು ಮಾತ್ರ ಹೆಚ್ಚುತ್ತವೆಂದು 2019 ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕೀಮೋಥೆರಪಿಯ ನಂತರ ನಡೆಯುವ ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಬಿಸಿ ಮಾಡಿದ ಔಷಧಿಯನ್ನು ಹೊಟ್ಟೆಯೊಳಗೆ ಹರಿಸುವ ಹೈಪೆಕ್ ವಿಧಾನದಿಂದ ಮೂರನೇ ಹಂತದ ರೋಗಿಗಳಿಗೆ ಪ್ರಯೋಜನವಾಯಿತೆಂದು ನೆದರ್ಲೆಂಡ್ಸ್‌ನ ನೇತೃತ್ವದ ಅಧ್ಯಯನವೊಂದು 2018 ರಲ್ಲಿ ವರದಿ ಮಾಡಿತು. ಇದು ಎಲ್ಲ ರೋಗಿಗಳಿಗೂ ಸೂಕ್ತವಾದುದಲ್ಲ.

9. ಕರುಳಿನ ಶಸ್ತ್ರಚಿಕಿತ್ಸೆಯ ವಿಧಗಳು

ಕರುಳಿನ ಹೊರಪದರದಲ್ಲಿ ಮಾತ್ರ ಗಂಟುಗಳಿದ್ದರೆ ಅವುಗಳನ್ನು ಕೆರೆದು ತೆಗೆದು, ಅಗತ್ಯವಿದ್ದಲ್ಲಿ ಹೊಲಿಗೆ ಹಾಕಲಾಗುತ್ತದೆ. ಒಂದು ಸಣ್ಣ ಜಾಗದಲ್ಲಿ ಆಳವಾಗಿ ಇಳಿದಿದ್ದರೆ ಆ ಜಾಗವನ್ನಷ್ಟೇ ಬಿಲ್ಲೆಯಂತೆ ಕತ್ತರಿಸಿ ಮುಚ್ಚಬಹುದು. ಗಡ್ಡೆ ಕರುಳನ್ನು ಸುತ್ತುವರಿದಿದ್ದರೆ ಅಥವಾ ಹಲವು ಕಡೆ ಆಳಕ್ಕೆ ಇಳಿದಿದ್ದರೆ ಕರುಳಿನ ಒಂದು ತುಂಡನ್ನೇ ತೆಗೆದು, ಎರಡು ತುದಿಗಳನ್ನು ಕೈಹೊಲಿಗೆಯಿಂದ ಅಥವಾ ಸ್ಟೇಪ್ಲರ್ ಸಾಧನದಿಂದ ಮತ್ತೆ ಜೋಡಿಸಲಾಗುತ್ತದೆ.

ಗರ್ಭಕೋಶ, ಅಂಡಾಶಯ ಮತ್ತು ಗುದನಾಳ ಒಂದೇ ಗಡ್ಡೆಯಾಗಿದ್ದಲ್ಲಿ ಅವನ್ನು ಬಿಡಿಸಲು ಯತ್ನಿಸದೆ ಇಡಿಯಾಗಿ ತೆಗೆಯಲಾಗುತ್ತದೆ. ಮಲದ್ವಾರದ ಸ್ನಾಯುಗಳನ್ನು ಸಾಮಾನ್ಯವಾಗಿ ಉಳಿಸಿಕೊಳ್ಳಲಾಗುವುದರಿಂದ ಬಹಳಷ್ಟು ರೋಗಿಗಳಲ್ಲಿ ಕರುಳನ್ನು ಪುನಃ ಜೋಡಿಸಿ ಸಹಜ ಮಾರ್ಗದಲ್ಲಿಯೇ ಮಲವಿಸರ್ಜನೆಯಾಗುವಂತೆ ಮಾಡಬಹುದು. ಜೋಡಣೆಯ ಬಳಿಕ ಗಾಳಿ ತುಂಬಿಸಿ ಸೋರಿಕೆಯಿಲ್ಲವೆಂಬುದನ್ನು ಪರೀಕ್ಷಿಸಲಾಗುತ್ತದೆ.

10. ಸ್ಟೋಮಾ

ಜೋಡಿಸಿದ ಭಾಗಕ್ಕೆ ವಿಶ್ರಾಂತಿ ಬೇಕಾದಾಗ ಅಥವಾ ಜೋಡಣೆಯೇ ಸಾಧ್ಯವಾಗದಾಗ, ಕರುಳಿನ ತುದಿಯನ್ನು ಹೊಟ್ಟೆಯ ಚರ್ಮದ ಮೇಲೆ ತೆರೆದು ಹೊಲಿಯಲಾಗುತ್ತದೆ. ಈ ತೆರಪಿಗೆ ಸ್ಟೋಮಾ ಎಂದು ಹೆಸರು. ಮಲವು ಅದರ ಮೂಲಕ ಚರ್ಮಕ್ಕೆ ಅಂಟಿಸಿದ ಚೀಲಕ್ಕೆ ಬರುತ್ತದೆ. ಸಣ್ಣ ಕರುಳಿನ ಸ್ಟೋಮಾ ಸಾಮಾನ್ಯವಾಗಿ ಹೊಟ್ಟೆಯ ಬಲಬದಿಯಲ್ಲಿಯೂ, ದೊಡ್ಡ ಕರುಳಿನ ಕೊನೆಯ ಭಾಗದ ಸ್ಟೋಮಾ ಎಡಬದಿಯಲ್ಲಿಯೂ ಇರುತ್ತದೆ.

ತಾತ್ಕಾಲಿಕ ಸ್ಟೋಮಾವನ್ನು ಕೆಲವು ತಿಂಗಳ ನಂತರ, ಬಹುತೇಕ ಕೀಮೋಥೆರಪಿ ಮುಗಿದ ಮೇಲೆ, ಮತ್ತೊಂದು ಶಸ್ತ್ರಚಿಕಿತ್ಸೆಯ ಮೂಲಕ ಮುಚ್ಚಲಾಗುತ್ತದೆ. ತಾತ್ಕಾಲಿಕವೆಂದು ಮಾಡಿದ್ದು ಕೆಲವರಲ್ಲಿ ಶಾಶ್ವತವಾಗಿ ಉಳಿಯುವುದೂ ಉಂಟು. ಈ ಸಾಧ್ಯತೆಯನ್ನು ರೋಗಿಗೆ ಮುಂಚಿತವಾಗಿಯೇ ತಿಳಿಸಬೇಕು.

ಸ್ಟೋಮಾ ಇರುವವರು ಸ್ನಾನ ಮಾಡಬಹುದು, ಅಡುಗೆ ಮಾಡಬಹುದು, ದೇವಸ್ಥಾನ, ಮದುವೆ, ಕೆಲಸ ಎಲ್ಲಕ್ಕೂ ಹೋಗಬಹುದು. ಚೀಲ ಸರಿಯಾಗಿ ಅಂಟಿದ್ದರೆ ವಾಸನೆ ಹೊರಬರುವುದಿಲ್ಲ. ಸ್ಟೋಮಾದಿಂದ ಯಾರಿಗೂ ರೋಗ ಅಂಟುವುದಿಲ್ಲ. ಮನೆಯವರು ರೋಗಿಯನ್ನು ಪ್ರತ್ಯೇಕವಾಗಿರಿಸುವುದಾಗಲಿ, ಅಡುಗೆಮನೆಯಿಂದ ದೂರವಿಡುವುದಾಗಲಿ ಸರ್ವಥಾ ಸಲ್ಲದು.

ಸ್ಟೋಮಾದ ಜಾಗವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಗುರುತು ಹಾಕಿಸಿಕೊಳ್ಳುವುದು ಉತ್ತಮ. ರೋಗಿಯು ತಾನು ಪ್ರತಿದಿನ ಉಡುವ ಸೀರೆಯನ್ನೋ ಉಡುಪನ್ನೋ ಧರಿಸಿ ನಿಂತು, ಕುಳಿತು ತೋರಿಸಬೇಕು. ಲಂಗದ ದಾರ ಬಿಗಿಯುವ ಸಾಲಿನಲ್ಲಿ ಅಥವಾ ಹೊಟ್ಟೆಯ ಮಡಿಕೆಯಲ್ಲಿ ಸ್ಟೋಮಾ ಬಂದರೆ ಚೀಲ ನಿಲ್ಲದೆ ಸೋರುತ್ತದೆ.

11. ಶಸ್ತ್ರಚಿಕಿತ್ಸೆ ಸೂಕ್ತವಲ್ಲದ ಸಂದರ್ಭಗಳು

ಕೆಳಕಂಡ ಸಂದರ್ಭಗಳಲ್ಲಿ ರೋಗವನ್ನು ಪೂರ್ಣವಾಗಿ ತೆಗೆಯುವುದು ಸಾಧ್ಯವಾಗುವುದಿಲ್ಲ:

• ಸಣ್ಣ ಕರುಳಿಗೆ ರಕ್ತ ಒದಗಿಸುವ ಪೊರೆಯ ಬುಡದಲ್ಲಿ ರೋಗ ಆಳವಾಗಿ ಹರಡಿರುವುದು
• ಸಣ್ಣ ಕರುಳಿನ ಉದ್ದಕ್ಕೂ ಗಂಟುಗಳಿದ್ದು, ಅವನ್ನು ತೆಗೆದರೆ ಆಹಾರ ಹೀರಿಕೊಳ್ಳುವಷ್ಟು ಕರುಳು ಉಳಿಯದಿರುವುದು
• ಜಠರ, ಡ್ಯುಯೊಡಿನಮ್ ಅಥವಾ ಮೇದೋಜೀರಕ ಗ್ರಂಥಿಯ ತಲೆಭಾಗಕ್ಕೆ ರೋಗ ವಿಸ್ತಾರವಾಗಿ ಹರಡಿರುವುದು
• ಯಕೃತ್ತಿನೊಳಗೆ ಅಥವಾ ಶ್ವಾಸಕೋಶದಲ್ಲಿ ಹಲವು ಗಂಟುಗಳಿರುವುದು
• ರೋಗಿಯ ಹೃದಯ, ಶ್ವಾಸಕೋಶ ಅಥವಾ ಒಟ್ಟು ದೇಹಸ್ಥಿತಿ ದೀರ್ಘ ಅರಿವಳಿಕೆಯನ್ನು ತಾಳಲಾರದಿರುವುದು

ಇಂತಹವರಿಗೆ ಕೀಮೋಥೆರಪಿ ಹಾಗೂ ಉಪಶಾಮಕ ಆರೈಕೆ ಲಭ್ಯವಿದೆ. ನೋವು, ವಾಂತಿ, ಹೊಟ್ಟೆಯ ನೀರು ಮುಂತಾದ ಬಾಧೆಗಳನ್ನು ತಗ್ಗಿಸುವುದು ಉಪಶಾಮಕ ಆರೈಕೆಯ ಉದ್ದೇಶ. ಇದನ್ನು ಕೊನೆಯ ದಿನಗಳಿಗೆ ಮೀಸಲಿಡದೆ ಚಿಕಿತ್ಸೆಯ ಆರಂಭದಿಂದಲೇ ಪಡೆಯಬಹುದು.

12. ಅಪಾಯಗಳು

ಇದು ದೊಡ್ಡ ಶಸ್ತ್ರಚಿಕಿತ್ಸೆಯಾದ್ದರಿಂದ ರಕ್ತಸ್ರಾವ, ಸೋಂಕು, ನ್ಯುಮೋನಿಯಾ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು, ಮೂತ್ರನಾಳಕ್ಕೆ ಗಾಯ, ಕರುಳಿನ ಚಲನೆ ತಡವಾಗಿ ಮರಳುವುದು ಮೊದಲಾದ ತೊಂದರೆಗಳು ಸಂಭವಿಸಬಹುದು. ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಗುವ ಹಾಗೂ ಸಾವು ಸಂಭವಿಸುವ ಸಾಧ್ಯತೆಯೂ ಇದೆ.

ಕರುಳಿನ ಜೋಡಣೆ ಸೋರುವುದು ಇವುಗಳಲ್ಲಿ ಅತ್ಯಂತ ಗಂಭೀರವಾದುದು. ಮಲ ಹೊಟ್ಟೆಯೊಳಗೆ ಸೇರಿ ಜೀವಕ್ಕೆ ಅಪಾಯವಾಗುತ್ತದೆ. ಕೀಮೋಥೆರಪಿ ಆರಂಭಿಸುವುದೂ ತಡವಾಗುತ್ತದೆ. ರಕ್ತದಲ್ಲಿ ಆಲ್ಬುಮಿನ್ ಪ್ರಮಾಣ ಕಡಿಮೆ ಇರುವವರಲ್ಲಿ, ಕರುಳನ್ನು ಒಂದಕ್ಕಿಂತ ಹೆಚ್ಚು ಕಡೆ ಜೋಡಿಸಿದಾಗ ಮತ್ತು ಜೋಡಣೆ ಮಲದ್ವಾರಕ್ಕೆ ಬಹಳ ಸಮೀಪವಿದ್ದಾಗ ಈ ಅಪಾಯ ಹೆಚ್ಚು.

ಗುಲ್ಮವನ್ನು ತೆಗೆದಲ್ಲಿ ಕೆಲವು ಸೋಂಕುಗಳ ವಿರುದ್ಧ ದೇಹದ ರಕ್ಷಣೆ ತಗ್ಗುತ್ತದೆ. ಅವರು ನ್ಯುಮೊಕಾಕಸ್, ಮೆನಿಂಜೊಕಾಕಸ್ ಮತ್ತು ಹಿಬ್ ಲಸಿಕೆಗಳನ್ನು ವೈದ್ಯರ ಸಲಹೆಯಂತೆ ಪಡೆಯತಕ್ಕದ್ದು. ಅಂಡಾಶಯಗಳನ್ನು ತೆಗೆಯುವುದರಿಂದ ಮುಟ್ಟು ನಿಲ್ಲುತ್ತದೆ, ಮೈಬಿಸಿಯೇರುವಿಕೆ ಉಂಟಾಗಬಹುದು, ಗರ್ಭಧಾರಣೆ ಸಾಧ್ಯವಾಗುವುದಿಲ್ಲ.

ಶಸ್ತ್ರಚಿಕಿತ್ಸೆ ಯಶಸ್ವಿಯಾದರೂ ಮುಂದುವರಿದ ಹಂತದಲ್ಲಿದ್ದ ರೋಗ ಹೆಚ್ಚಿನವರಲ್ಲಿ ಮರುಕಳಿಸುತ್ತದೆ. ಮೂರನೇ ಹಂತದಲ್ಲಿ ಪತ್ತೆಯಾದವರಲ್ಲಿ ಐದು ವರ್ಷ ದಾಟುವವರು ಅರ್ಧಕ್ಕಿಂತ ಕಡಿಮೆ. ಗಡ್ಡೆ ಉಳಿಯದಂತೆ ಶಸ್ತ್ರಚಿಕಿತ್ಸೆಯಾದವರ ಪರಿಸ್ಥಿತಿ ಇತರರಿಗಿಂತ ಉತ್ತಮವಾಗಿರುತ್ತದೆ. ಬಹುತೇಕ ರೋಗಿಗಳಿಗೆ ಈ ಶಸ್ತ್ರಚಿಕಿತ್ಸೆಯಿಂದ ದೊರೆಯುವುದು ಹೆಚ್ಚಿನ ಕಾಲಾವಕಾಶ. ಪೂರ್ಣ ಗುಣ ಕೆಲವರಿಗೆ ಮಾತ್ರ.

13. ರೋಗಿಯ ಸಮ್ಮತಿ

ಶಸ್ತ್ರಚಿಕಿತ್ಸೆಗೆ ಸಮ್ಮತಿ ನೀಡುವ ಹಕ್ಕು ಪ್ರಾಪ್ತ ವಯಸ್ಕಳಾದ ರೋಗಿಯದೇ ಆಗಿರುತ್ತದೆ. ರೋಗನಿರ್ಣಯದ ಲ್ಯಾಪರೋಸ್ಕೋಪಿಗೆ ಮಾತ್ರ ಒಪ್ಪಿದ್ದ ಮಹಿಳೆಯೊಬ್ಬರು ಅರಿವಳಿಕೆಯಲ್ಲಿದ್ದಾಗ, ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆದ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು 2008 ರ ಜನವರಿಯಲ್ಲಿ ತೀರ್ಪು ನೀಡಿತು. ಅಂತಹ ಒಪ್ಪಿಗೆ ಸಿಂಧುವಲ್ಲವೆಂದೂ, ಜೀವ ಉಳಿಸಲು ತಕ್ಷಣವೇ ಮಾಡಬೇಕಾದ ಸಂದರ್ಭವನ್ನು ಬಿಟ್ಟು ಒಂದು ಚಿಕಿತ್ಸೆಗೆ ನೀಡಿದ ಸಮ್ಮತಿ ಇನ್ನೊಂದಕ್ಕೆ ಅನ್ವಯಿಸದೆಂದೂ ನ್ಯಾಯಾಲಯ ಹೇಳಿತು.

ಕರುಳನ್ನು ಕತ್ತರಿಸಬೇಕೆ ಎಂಬುದು ಬಹಳಷ್ಟು ಸಲ ಹೊಟ್ಟೆಯನ್ನು ತೆರೆದ ಮೇಲೆಯೇ ಖಚಿತವಾಗುತ್ತದೆ. ಆದುದರಿಂದ ಕರುಳಿನ ಭಾಗ ತೆಗೆಯುವ, ಸ್ಟೋಮಾ ಮಾಡುವ ಮತ್ತು ಗುಲ್ಮ ತೆಗೆಯುವ ಸಾಧ್ಯತೆಗಳನ್ನು ಸಮ್ಮತಿ ಪತ್ರದಲ್ಲಿ ಪ್ರತ್ಯೇಕವಾಗಿ ನಮೂದಿಸಿ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿರಬೇಕು. ‘ಅವಳಿಗೆ ತಿಳಿದರೆ ಧೈರ್ಯಗೆಡುತ್ತಾಳೆ’ ಎಂಬ ಕಾರಣದಿಂದ ಕುಟುಂಬದವರು ರೋಗದ ಹೆಸರನ್ನೂ ಸ್ಟೋಮಾದ ವಿಷಯವನ್ನೂ ಮುಚ್ಚಿಡುವುದುಂಟು. ಅರಿವಳಿಕೆಯಿಂದ ಎಚ್ಚೆತ್ತ ಬಳಿಕ ಹೊಟ್ಟೆಯ ಮೇಲೆ ಚೀಲವನ್ನು ಮೊದಲ ಬಾರಿಗೆ ಕಾಣುವುದು ಅದಕ್ಕಿಂತ ದೊಡ್ಡ ಆಘಾತ.

ಸಮ್ಮತಿಗೆ ಮುನ್ನ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು:

• ಗಡ್ಡೆಯೆಲ್ಲವನ್ನೂ ತೆಗೆಯುವ ಸಾಧ್ಯತೆ ಎಷ್ಟು?
• ಕರುಳಿನ ಶಸ್ತ್ರಚಿಕಿತ್ಸೆಯನ್ನು ಯಾರು ಮಾಡುವರು? ಅವರು ಆ ದಿನ ಲಭ್ಯವಿರುವರೇ?
• ಸ್ಟೋಮಾ ಬೇಕಾಗಬಹುದೇ? ಅದು ತಾತ್ಕಾಲಿಕವೇ, ಶಾಶ್ವತವೇ?
• ಹೊಟ್ಟೆ ತೆರೆದ ಮೇಲೆ ಪೂರ್ಣವಾಗಿ ತೆಗೆಯಲಾಗದೆಂದು ಕಂಡರೆ ಎಲ್ಲಿಗೆ ನಿಲ್ಲಿಸಲಾಗುವುದು?
• ಈ ಶಸ್ತ್ರಚಿಕಿತ್ಸೆ ಬೇಡವೆಂದರೆ ಬೇರೆ ಯಾವ ಚಿಕಿತ್ಸೆ ಇದೆ?

ಶಸ್ತ್ರಚಿಕಿತ್ಸೆ ಬೇಡವೆಂದು ತೀರ್ಮಾನಿಸುವ ಹಕ್ಕೂ ರೋಗಿಗೆ ಇದೆ. ಹಾಗೆ ತೀರ್ಮಾನಿಸಿದವರಿಗೆ ಇತರ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ.

14. ಎಲ್ಲಿ ಮಾಡಿಸಬೇಕು?

ಸ್ತ್ರೀರೋಗ ಕ್ಯಾನ್ಸರ್ ಶಸ್ತ್ರತಜ್ಞರು, ಕರುಳಿನ ಶಸ್ತ್ರತಜ್ಞರು, ಅರಿವಳಿಕೆ ತಜ್ಞರು, ಕೀಮೋಥೆರಪಿ ತಜ್ಞರು, ರಕ್ತನಿಧಿ ಮತ್ತು ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಯಲ್ಲಿಯೇ ಈ ಶಸ್ತ್ರಚಿಕಿತ್ಸೆ ನಡೆಯಬೇಕು. ಸಿದ್ಧತೆಯಿಲ್ಲದ ಕಡೆ ಹೊಟ್ಟೆ ತೆರೆದು, ಅರ್ಧ ತೆಗೆದು ಮುಚ್ಚಿದಲ್ಲಿ ರೋಗಿಗೆ ಶಸ್ತ್ರಚಿಕಿತ್ಸೆಯ ಕಷ್ಟವೆಲ್ಲ ತಗಲಿ ಲಾಭ ಮಾತ್ರ ದೊರೆಯದೆ ಹೋಗುತ್ತದೆ. ಕರ್ನಾಟಕದಲ್ಲಿ 1973 ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಸರ್ಕಾರಿ ವಲಯದ ಪ್ರಮುಖ ಕ್ಯಾನ್ಸರ್ ಆಸ್ಪತ್ರೆ. ಕಲಬುರಗಿಯಲ್ಲಿ ಅದರ ಶಾಖಾ ಕೇಂದ್ರವಿದೆ. ವೈದ್ಯಕೀಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳಲ್ಲಿಯೂ ಮಾರ್ಗದರ್ಶನ ಪಡೆಯಬಹುದು.

15. ಶಸ್ತ್ರಚಿಕಿತ್ಸೆಗೆ ಸಿದ್ಧತೆ

ಮೊಟ್ಟೆ, ಬೇಳೆ, ಮೊಳಕೆಕಾಳು, ಹಾಲು, ಮೊಸರು ಮುಂತಾದ ಪ್ರೋಟೀನ್‌ಯುಕ್ತ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಸೇವಿಸಬೇಕು. ಕರುಳು ಕಟ್ಟಿಕೊಳ್ಳುವ ಸೂಚನೆಯಿದ್ದಲ್ಲಿ ವೈದ್ಯರು ಹೇಳಿದ ಆಹಾರವನ್ನೇ ಸೇವಿಸತಕ್ಕದ್ದು. ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡಬೇಕು. ಪ್ರತಿದಿನ ನಡಿಗೆ ಮತ್ತು ಉಸಿರಾಟದ ವ್ಯಾಯಾಮ ಮಾಡಬೇಕು. ರಕ್ತಹೀನತೆ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಗಳನ್ನು ಹತೋಟಿಗೆ ತರಬೇಕು. ಸೇವಿಸುತ್ತಿರುವ ಎಲ್ಲ ಔಷಧಿಗಳನ್ನೂ, ನಾಟಿ ಔಷಧಿ ಸಹಿತ, ವೈದ್ಯರಿಗೆ ತಿಳಿಸಬೇಕು.

16. ಶಸ್ತ್ರಚಿಕಿತ್ಸೆಯ ನಂತರ

ಒಂದೆರಡು ದಿನ ತೀವ್ರ ನಿಗಾ ಘಟಕದಲ್ಲಿ ಇರಿಸಿ, ನಂತರ ವಾರ್ಡಿಗೆ ಕಳುಹಿಸಲಾಗುತ್ತದೆ. ತೊಂದರೆಗಳಿಲ್ಲದಿದ್ದಲ್ಲಿ ಒಂದರಿಂದ ಎರಡು ವಾರಗಳಲ್ಲಿ ಮನೆಗೆ ಮರಳಬಹುದು. ಮಲಗಿಯೇ ಇರದೆ ಬೇಗನೆ ಎದ್ದು ನಡೆದಾಡುವುದರಿಂದ ಶ್ವಾಸಕೋಶದ ಸೋಂಕು ಮತ್ತು ರಕ್ತ ಹೆಪ್ಪುಗಟ್ಟುವಿಕೆ ತಗ್ಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ನೀಡುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕು ವಾರ ಮುಂದುವರಿಸಲಾಗುತ್ತದೆ.

ಕೀಮೋಥೆರಪಿಯನ್ನು ಆದಷ್ಟು ಆರು ವಾರಗಳೊಳಗೆ ಆರಂಭಿಸುವುದು ಅಪೇಕ್ಷಣೀಯ. ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಔಷಧಿಗಳನ್ನು ಮೂರು ವಾರಗಳಿಗೊಮ್ಮೆ, ಒಟ್ಟು ಆರು ಸರದಿ ನೀಡುವುದು ವಾಡಿಕೆ. ಗಾಯ ಹಾಗೂ ಕರುಳಿನ ಜೋಡಣೆ ಮಾಯುವವರೆಗೆ ಬೆವಾಸಿಜುಮ್ಯಾಬ್ ಔಷಧಿಯನ್ನು ನೀಡಲಾಗುವುದಿಲ್ಲ. ಬಿ.ಆರ್.ಸಿ.ಎ. ಎಂಬ ವಂಶವಾಹಿಯ ಪರೀಕ್ಷೆಯನ್ನೂ ಮಾಡಿಸಬೇಕು. ಅದರಲ್ಲಿ ದೋಷ ಕಂಡುಬಂದವರಿಗೆ ಒಲಾಪರಿಬ್‌ನಂತಹ ಮಾತ್ರೆಗಳಿಂದ ಹೆಚ್ಚಿನ ಪ್ರಯೋಜನವಿದೆ. ಹೆಣ್ಣುಮಕ್ಕಳು ಮತ್ತು ಸಹೋದರಿಯರು ಮುಂಜಾಗ್ರತೆ ವಹಿಸಲೂ ಇದು ನೆರವಾಗುತ್ತದೆ.

ಸಣ್ಣ ಕರುಳಿನ ಸ್ಟೋಮಾ ಇರುವವರು ಅನ್ನ, ಮೃದುವಾದ ಮುದ್ದೆ, ಇಡ್ಲಿ, ಬಾಳೆಹಣ್ಣು ಸೇವಿಸಬಹುದು. ಆರಂಭದ ವಾರಗಳಲ್ಲಿ ಕೊಬ್ಬರಿ, ಜೋಳದ ತೆನೆ, ಕಡಲೆಕಾಯಿ ಮತ್ತು ನಾರು ಹೆಚ್ಚಿರುವ ಸೊಪ್ಪುಗಳನ್ನು ತ್ಯಜಿಸಿ, ಆಹಾರವನ್ನು ಚೆನ್ನಾಗಿ ಅಗಿಯಬೇಕು. ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ದ್ರವ ಹೊರಬರುತ್ತಿದ್ದರೆ ನೀರಿನೊಡನೆ ಉಪ್ಪಿನಂಶವೂ ನಷ್ಟವಾಗುತ್ತದೆ. ಬರಿಯ ನೀರನ್ನು ಹೆಚ್ಚು ಕುಡಿಯುವ ಬದಲು ಓ.ಆರ್.ಎಸ್. ದ್ರಾವಣ ಸೇವಿಸಿ ಆಸ್ಪತ್ರೆಯನ್ನು ಸಂಪರ್ಕಿಸಬೇಕು.

ತಕ್ಷಣ ಆಸ್ಪತ್ರೆಗೆ ಬರಬೇಕಾದ ಸೂಚನೆಗಳು:

• 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ, ಚಳಿ ನಡುಕ
• ಹೆಚ್ಚುತ್ತಿರುವ ಹೊಟ್ಟೆನೋವು, ಹೊಟ್ಟೆ ಬಿಗಿತ, ನಿಲ್ಲದ ವಾಂತಿ
• ಗಾಯದಿಂದ ಅಥವಾ ಯೋನಿಮಾರ್ಗದಿಂದ ಮಲದಂತಹ ದ್ರವ ಬರುವುದು
• ಒಂದು ಕಾಲು ಊದಿಕೊಳ್ಳುವುದು, ಉಸಿರಾಟದ ತೊಂದರೆ, ಎದೆನೋವು
• ಸ್ಟೋಮಾ ಕಪ್ಪಾಗುವುದು ಅಥವಾ ಅದರಿಂದ ಏನೂ ಬರದಿರುವುದು

17. ಚಿಕಿತ್ಸಾ ವೆಚ್ಚಕ್ಕೆ ನೆರವು

2018 ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅನುಷ್ಠಾನಗೊಳಿಸುತ್ತಿದೆ. ಬಡತನ ರೇಖೆಗಿಂತ ಕೆಳಗಿರುವ ಪಡಿತರ ಚೀಟಿದಾರ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವಿದೆ. ಇತರ ಕುಟುಂಬಗಳಿಗೆ ನಿಗದಿತ ಪ್ಯಾಕೇಜ್ ದರದ ಶೇ. 30 ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ, ನೆರವು ದೊರೆಯುತ್ತದೆ.

ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ಶಿಫಾರಸು ಪತ್ರ ಪಡೆದು ನೋಂದಾಯಿತ ಆಸ್ಪತ್ರೆಗೆ ತೆರಳಬಹುದು. ಕರುಳು ಕಟ್ಟಿಕೊಂಡಂತಹ ತುರ್ತು ಪರಿಸ್ಥಿತಿಯಲ್ಲಿ ಶಿಫಾರಸು ಪತ್ರಕ್ಕಾಗಿ ಕಾಯಬೇಕಾಗಿಲ್ಲ. ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಭೇಟಿಯಾಗಿ ಪೂರ್ವಾನುಮತಿಯ ಬಗ್ಗೆ ತಿಳಿಯಬೇಕು. ಸ್ಟೇಪ್ಲರ್ ಸಾಧನ, ಸ್ಟೋಮಾ ಚೀಲಗಳು ಮತ್ತು ಸ್ಟೋಮಾ ಮುಚ್ಚುವ ಎರಡನೆಯ ಶಸ್ತ್ರಚಿಕಿತ್ಸೆ ಪ್ಯಾಕೇಜಿನಲ್ಲಿ ಸೇರಿವೆಯೇ ಎಂಬುದನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ಚಿಕಿತ್ಸೆಗಾಗಿ ರೈಲಿನಲ್ಲಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ಭಾರತೀಯ ರೈಲ್ವೆಯು ಪ್ರಯಾಣ ದರದಲ್ಲಿ ರಿಯಾಯಿತಿ ನೀಡುತ್ತದೆ. ಇದಕ್ಕೆ ಚಿಕಿತ್ಸೆ ನೀಡುವ ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಅಗತ್ಯ.

18. ಜೊತೆಯಲ್ಲಿ ತರಬೇಕಾದ ದಾಖಲೆಗಳು

• ಆಧಾರ್ ಕಾರ್ಡ್ ಮತ್ತು ಪಡಿತರ ಚೀಟಿ
• ಯೋಜನೆಯ ಆರೋಗ್ಯ ಕಾರ್ಡ್, ಇದ್ದಲ್ಲಿ
• ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ
• ಸಿ.ಟಿ. ಸ್ಕ್ಯಾನ್ ವರದಿ ಹಾಗೂ ಚಿತ್ರಗಳು
• ಬಯಾಪ್ಸಿ ವರದಿ, ಸಾಧ್ಯವಾದಲ್ಲಿ ಅದರ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್
• ಹಿಂದಿನ ಶಸ್ತ್ರಚಿಕಿತ್ಸೆ ಮತ್ತು ಕೀಮೋಥೆರಪಿಯ ಬಿಡುಗಡೆ ಪತ್ರಗಳು

ಯೋಜನೆಯ ಕುರಿತು 14555 ಉಚಿತ ದೂರವಾಣಿ ಸಂಖ್ಯೆಯಲ್ಲಿ ಮಾಹಿತಿ ಪಡೆಯಬಹುದು.

ಗಮನಿಸಿ: ಈ ಪುಟದ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಪ್ರತಿಯೊಬ್ಬ ರೋಗಿಯ ಸ್ಥಿತಿ ಬೇರೆಯಾಗಿರುವುದರಿಂದ ಚಿಕಿತ್ಸೆಯ ಬಗ್ಗೆ ತಜ್ಞ ವೈದ್ಯರೊಡನೆ ಸಮಾಲೋಚಿಸಿಯೇ ತೀರ್ಮಾನಿಸತಕ್ಕದ್ದು.